ನುಡಿಯ ಹಳೆ ಪತ್ರ ಇ-ಆಫೀಸಿಗೆ: ಒಂಬತ್ತು, ಸೊನ್ನೆಗಳ ಕಾಟ

ಸರ್ಕಾರಿ ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಬಂದ ಮೇಲೆ ಕಡತ ಹೊತ್ತು ಮಹಡಿ ಹತ್ತುವುದು ತಪ್ಪಿತು. ಆದರೆ ಕೇಸ್ ವರ್ಕರ್‌ಗಳ ಕಂಪ್ಯೂಟರಿನಲ್ಲಿ ‘ಮಾದರಿ ಪತ್ರಗಳು’ ಎಂಬ ಫೋಲ್ಡರ್ ಕೂತ ಜಾಗದಿಂದ ಕದಲಿಲ್ಲ. ಅದರಲ್ಲಿರುವುದೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನ ಪತ್ರಗಳೇ. ಅದನ್ನೇ ಕಾಪಿ ಮಾಡಿ ಟಿಪ್ಪಣಿಗೆ ಅಂಟಿಸಿದರೆ ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಪಕ್ಕದಲ್ಲಿ ನೆತ್ತಿಯ ಮೇಲೆ ಗೀಟು ಹೊತ್ತ ಎ. ಹಳೆಯ ಫಾಂಟು ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕಿತ್ತು. ಫಾಂಟು ಕಳಚಿದರೆ ವೇಷವೂ ಕಳಚುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗವಿದೆ, ಪತ್ರವನ್ನು ಅಲ್ಲಿಗೆ ದಾಟಿಸಬೇಕು.

ಗಾಬರಿಯಾದವರು ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ, ಪಿಡಿಎಫ್ ಲಗತ್ತಿಸಿಬಿಡುತ್ತಾರೆ. ದಯವಿಟ್ಟು ಬೇಡ. ಅದು ಪತ್ರದ ಫೋಟೊ ಅಷ್ಟೆ. ಸಾಹೇಬರು ಒಂದು ಸಾಲು ತಿದ್ದಿ ಅಂದರೆ ಮತ್ತೆ ಮೊದಲಿನಿಂದ.

ಹೆಜ್ಜೆ 1: ಮೂಲ ಕಡತದ ಇನ್ನೊಂದು ಪ್ರತಿ ಮಾಡಿಕೊಳ್ಳಿ.

ಹೆಜ್ಜೆ 2: ಪತ್ರದಲ್ಲಿರುವ ಇಂಗ್ಲಿಷ್ ತುಣುಕುಗಳನ್ನು, ಅಂದರೆ ಇ-ಮೇಲ್ ವಿಳಾಸ, ವಾಹನದ ನಂಬರು, ಬ್ಯಾಂಕಿನ ಕೋಡನ್ನು ಬೇರೆ ಕಡೆ ಎತ್ತಿಡಿ. ಹಳೆಯ ಫಾಂಟಿನ ಪತ್ರವನ್ನು ಯುನಿಕೋಡಿಗೆ ದಾಟಿಸುವ ಪರಿವರ್ತಕಕ್ಕೆ ಕನ್ನಡ ಯಾವುದು ಇಂಗ್ಲಿಷ್ ಯಾವುದು ಗೊತ್ತಾಗುವುದಿಲ್ಲ, ಇ-ಮೇಲ್ ವಿಳಾಸಕ್ಕೂ ಒತ್ತಕ್ಷರ ಕೊಟ್ಟುಬಿಡುತ್ತದೆ.

ಹೆಜ್ಜೆ 3: ಪರಿವರ್ತಿಸಿ. ಕಂಪ್ಯೂಟರಿನಲ್ಲೇ ಹಾಕಿಕೊಂಡ ಪರಿವರ್ತಕವೇ ಇರಲಿ. ಜಾಹೀರಾತು ತುಂಬಿದ ಯಾವುದೋ ವೆಬ್‌ಸೈಟಿಗೆ ಇಲಾಖಾ ವಿಚಾರಣೆಯ ಪತ್ರ ಸುರಿಯುವವರನ್ನು ಕಂಡಿದ್ದೇನೆ. ಸಿಬ್ಬಂದಿಯ ಹೆಸರು, ಆರೋಪ, ಎಲ್ಲವೂ ಯಾರದೋ ಸರ್ವರಿಗೆ!

ಹೆಜ್ಜೆ 4: ಎಲ್ಲರೂ ಎಡವುವುದು ಇಲ್ಲಿ. ಪತ್ರ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ‘ಅರ್ಜಿ’ ಎಂದು ಹುಡುಕಿದರೆ ಸಿಗುವುದಿಲ್ಲ. ಯಾಕೆಂದರೆ ಟೈಪ್ ಮಾಡಿದವರು ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿ ‘ಅಜಿ೯’ ಮಾಡಿದ್ದಾರೆ. ಅನುಸ್ವಾರದ ಬದಲು ಸೊನ್ನೆ ಒತ್ತಿದ ‘ದಿನಾ೦ಕ’, ‘ಸ೦ಖ್ಯೆ’ಗಳೂ ಇದೇ ಜಾತಿ. ಅನುಮಾನ ಬಂದರೆ ಪದದ ಮೇಲೆ ಬಾಣದ ಕೀಲಿ ಒತ್ತುತ್ತಾ ಹೋಗಿ. ನಿಜವಾದ ‘ಸಂ’ ಆಗಿದ್ದರೆ ಕರ್ಸರ್ ಒಂದೇ ಸಲಕ್ಕೆ ದಾಟುತ್ತದೆ, ಸೊನ್ನೆಯಾಗಿದ್ದರೆ ನಡುವೆ ಒಮ್ಮೆ ನಿಲ್ಲುತ್ತದೆ.

ಗೊತ್ತಾದ ಕೂಡಲೇ ‘ರಿಪ್ಲೇಸ್ ಆಲ್’ ಒತ್ತಬೇಡಿ. ಒಂಬತ್ತು ಇರುವಲ್ಲೆಲ್ಲ ‘ರ್’ ಹಾಕಿಸಿದರೆ ‘ಅಜಿ೯’ ಹೋಗಿ ‘ಅಜಿರ್’ ಆಗುತ್ತದೆ. ಬರೆಯುವಾಗ ಅರ್ಕಾವೊತ್ತು ವ್ಯಂಜನದ ಆಚೆ ಕೂತರೂ ಯುನಿಕೋಡಿನಲ್ಲಿ ‘ರ್’ ಅದಕ್ಕಿಂತ ಮೊದಲೇ ಬರಬೇಕು. ಸೊನ್ನೆಗಳನ್ನೆಲ್ಲ ಅನುಸ್ವಾರ ಮಾಡಿದರೆ ‘೧೦೦೦ ರೂಪಾಯಿ’ ಹೋಗಿ ‘೧ಂಂಂ ರೂಪಾಯಿ’. ಹಣಕಾಸಿನ ಕಡತದಲ್ಲಿ ಹೀಗಾದರೆ ಆಮೇಲೆ ಉತ್ತರ ಕೊಡುವವರು ನೀವೇ. ಬಿಡಿ ಅಕ್ಷರವನ್ನು ಮುಟ್ಟದೆ ಇಡೀ ಪದ ಬದಲಿಸಿ: ‘ಅಜಿ೯’ಗೆ ‘ಅರ್ಜಿ’, ‘ದಿನಾ೦ಕ’ಕ್ಕೆ ‘ದಿನಾಂಕ’. ಒಂದು ಇಲಾಖೆಯ ಪತ್ರದಲ್ಲಿ ಮತ್ತೆ ಮತ್ತೆ ಬರುವ ಪದಗಳು ಇಪ್ಪತ್ತೋ ಮೂವತ್ತೋ. ಪಟ್ಟಿ ಬರೆದು ಮೇಜಿನ ಗಾಜಿನಡಿ ಇಟ್ಟುಕೊಳ್ಳಿ. ಉಳಿದವನ್ನು ಒಂದೊಂದಾಗಿ ಹುಡುಕಿ ತಿದ್ದಿ. ಇನ್ನು ಮುಂದೆ ಅಂಕಿಗಳನ್ನು 1, 2, 3 ಎಂದೇ ಬರೆಯಿರಿ. ಕನ್ನಡ ಅಂಕಿಯ ಅಭಿಮಾನಿಗಳು ಬೈಯಬಹುದು, ಬೈಯಲಿ. ಆಗ ಪತ್ರದಲ್ಲಿ ಕಾಣುವ ಪ್ರತಿ ‘೯’ ಕೂಡ ತಪ್ಪೇ ಎಂದು ಕಣ್ಣು ಮುಚ್ಚಿ ಹೇಳಬಹುದು.

ಹೆಜ್ಜೆ 5: ಎತ್ತಿಟ್ಟ ಇಂಗ್ಲಿಷ್ ತುಣುಕುಗಳನ್ನು ವಾಪಸ್ ಸೇರಿಸಿ.

ಹೆಜ್ಜೆ 6: ಮೊದಲು ಇ-ಆಫೀಸಿನ ಹಳದಿ ಟಿಪ್ಪಣಿಗೆ, ಅಂದರೆ ಕರಡಿಗೆ, ಅಂಟಿಸಿ ಓದಿ, ಸರಿಯಿದ್ದರೆ ಮಾತ್ರ ಹಸಿರಿಗೆ. ಹಳದಿಯನ್ನು ಎಷ್ಟು ಸಲವಾದರೂ ತಿದ್ದಬಹುದು, ಹಸಿರು ಟಿಪ್ಪಣಿ ಕಳಿಸಿದ ಮೇಲೆ ಹಾಗೆಯೇ ಉಳಿಯುತ್ತದೆ.

ತಿದ್ದಿದ ಪ್ರತಿಯನ್ನು ‘ಮಾದರಿ ಪತ್ರಗಳು’ ಫೋಲ್ಡರಿಗೆ ಹಾಕಿ ಹಳೆಯದನ್ನು ಅಲ್ಲಿಂದ ತೆಗೆಯಿರಿ. ಎರಡೂ ಅಲ್ಲೇ ಇದ್ದರೆ, ನೀವು ರಜೆ ಹಾಕಿದ ದಿನ ಪಕ್ಕದ ಸೀಟಿನವರ ಕೈಗೆ ಸಿಗುವುದು ಹಳೆಯದೇ.