ವಾರ್ಡಿನ ಮಾತು ಪಕ್ಷದ ನೀತಿ ಆಗುವುದು ಹೇಗೆ?

1920ರಲ್ಲಿ ಧಾರವಾಡದಲ್ಲಿ ಸೇರಿದ್ದ ಕರ್ನಾಟಕ ರಾಜಕೀಯ ಪರಿಷತ್ತು, ಕನ್ನಡ ಸೀಮೆಗಳೆಲ್ಲ ಒಂದಾಗಬೇಕು ಎಂದು ಠರಾವು ಮಾಡಿತು. ಮಾಡಿ ಸುಮ್ಮನೆ ಕೂರಲಿಲ್ಲ. ಅದೇ ವರ್ಷದ ನಾಗಪುರ ಕಾಂಗ್ರೆಸ್ ಅಧಿವೇಶನಕ್ಕೆ ಇಲ್ಲಿಂದ ಪ್ರತಿನಿಧಿಗಳು ದಂಡುಗಟ್ಟಿ ಹೋದರು. ಭಾಷೆಗೊಂದು ಪ್ರಾಂತ ಸಮಿತಿ ಎಂಬುದನ್ನು ಕಾಂಗ್ರೆಸ್ ಅಲ್ಲಿ ಒಪ್ಪಿತು. ಕರ್ನಾಟಕಕ್ಕೂ ತನ್ನದೇ ಸಮಿತಿ ಸಿಕ್ಕಿತು.

ನೀವು ಯಾವುದೋ ಪಕ್ಷದ ಸದಸ್ಯರು, ಹುಬ್ಬಳ್ಳಿಯಲ್ಲಿ ಇದ್ದೀರಿ ಎಂದುಕೊಳ್ಳಿ. ನಳದ ನೀರಿನ ಬಗ್ಗೆ ಪಕ್ಷಕ್ಕೊಂದು ನೀತಿ ಬೇಕು. ಎಲ್ಲಿಂದ ಶುರು ಮಾಡಬೇಕು?

ಮೊದಲು ಪಕ್ಷದ ನಿಯಮಾವಳಿ ಓದಿ. ನೋಂದಣಿಗೆ ಅರ್ಜಿ ಹಾಕುವ ಪಕ್ಷ ತನ್ನ ನಿಯಮಗಳನ್ನು ಚುನಾವಣಾ ಆಯೋಗಕ್ಕೆ ಕೊಡಬೇಕು ಎನ್ನುತ್ತದೆ 1951ರ ಜನಪ್ರತಿನಿಧಿ ಕಾಯ್ದೆಯ 29ಎ ಕಲಂ. ಹಾಗಾಗಿ ಅದು ಬರಹದಲ್ಲಿ ಇದ್ದೇ ಇರುತ್ತದೆ, ಕೇಳಿ ಪಡೆಯಿರಿ. ನೀತಿ ಒಪ್ಪುವ ಅಧಿಕಾರ ಯಾವ ಸಭೆಗಿದೆ, ಠರಾವು ಎಷ್ಟು ದಿನ ಮುಂಚೆ ಕೊಡಬೇಕು ಎಂಬುದನ್ನು ಗುರುತು ಹಾಕಿಕೊಳ್ಳಿ.

ಈಗ ಬರೆಯುವ ಕೆಲಸ. ಎಲ್ಲಕ್ಕಿಂತ ಜಾಸ್ತಿ ಸಮಯ ಇದಕ್ಕೇ ಕೊಡಿ. ‘ನೀರಿನ ಸಮಸ್ಯೆ ಬಗೆಹರಿಸಬೇಕು’ ಎಂದು ಬರೆದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಏನೂ ಮಾಡುವುದಿಲ್ಲ. ಹೀಗೆ ಬರೆಯಿರಿ: ‘ಪಾಲಿಕೆಯಲ್ಲಿ ನಮಗೆ ಅಧಿಕಾರ ಸಿಕ್ಕರೆ ಪ್ರತಿ ವಾರ್ಡಿಗೂ ನೀರು ಬಿಡುವ ದಿನ, ವೇಳೆ ಮೊದಲೇ ತಿಳಿಸುತ್ತೇವೆ. ತಪ್ಪಿದರೆ ಪಾಲಿಕೆ ಖರ್ಚಿನಲ್ಲಿ ಟ್ಯಾಂಕರ್ ಕಳಿಸುತ್ತೇವೆ.’ ಯಾರು, ಏನು, ಯಾವಾಗ ಎಂಬುದು ಇದರಲ್ಲಿದೆ.

ನಿಮ್ಮ ಮಾತನ್ನು ಅನುಮೋದಿಸುವವರನ್ನು ಬೇರೆ ಓಣಿಯಿಂದ ಹುಡುಕಿ. ಒಂದೇ ಓಣಿಯ ಬೇಡಿಕೆ ಅನಿಸಬಾರದು ಅಲ್ವಾ?

ಸಭೆಯಲ್ಲಿ ಯಾರಾದರೂ ಎದ್ದು, ‘ಅಕ್ಕಾರ, ತಪ್ಪಿದ್ರ ಅಂದ್ರ ಎಷ್ಟ್ ತಾಸು?’ ಎಂದು ಕೇಳಬಹುದು. ಬೇಜಾರಾಗಬೇಡಿ, ಅದು ಒಳ್ಳೆಯ ಪ್ರಶ್ನೆ. ‘ಹನ್ನೆರಡು ತಾಸು’ ಎಂದು ಸೇರಿಸುವ ತಿದ್ದುಪಡಿಯನ್ನು ಅವರಿಂದಲೇ ತರಿಸಿ. ಮೊದಲು ತಿದ್ದುಪಡಿಗೆ ಮತ, ಆಮೇಲೆ ಇಡೀ ಠರಾವಿಗೆ. ‘ಎಲ್ಲರಿಗೂ ಒಪ್ಪಿಗೆ’ ಎಂದು ಚಪ್ಪಾಳೆಯಲ್ಲೇ ಮುಗಿಸುವ ರೂಢಿ ನಮ್ಮಲ್ಲಿ ಬಹಳ. ಅದಕ್ಕೆ ಬಿಡಬೇಡಿ. ಕೈ ಎತ್ತಿಸಿ ಎಣಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಸೋತವರಿಗೂ ತಮ್ಮ ಮಾತು ದಾಖಲಾಯಿತು ಎಂಬ ಸಮಾಧಾನ ಬೇಕು.

ಕೆಲವು ಪಕ್ಷಗಳಲ್ಲಿ ಮಾತು ಮೇಲಿನಿಂದ ಕೆಳಗೆ ಬರುತ್ತದೆ. ಸಿಪಿಐ(ಎಂ) ತನ್ನ ಮಹಾಧಿವೇಶನಕ್ಕೆ ಸುಮಾರು ಎರಡು ತಿಂಗಳು ಮೊದಲೇ ರಾಜಕೀಯ ಠರಾವಿನ ಕರಡು ಹೊರಡಿಸುತ್ತದೆ. ಶಾಖೆಗಳಲ್ಲಿ ಚರ್ಚೆ ನಡೆದು ತಿದ್ದುಪಡಿಗಳು ಕೇಂದ್ರ ಸಮಿತಿಗೆ ಹೋಗುತ್ತವೆ. ನಿಮ್ಮ ಪಕ್ಷವೂ ಕರಡು ಕಳಿಸಿದರೆ ಹೊಗಳಿಕೆ ಬರೆಯಬೇಡಿ. ಯಾವ ಸಾಲು ಬದಲಾಗಬೇಕು, ಅದರ ಜಾಗದಲ್ಲಿ ಏನಿರಬೇಕು, ಅಷ್ಟೇ ಬರೆಯಿರಿ.

ವಾರ್ಡಿನಲ್ಲಿ ಗೆದ್ದ ಠರಾವನ್ನು ಜಿಲ್ಲಾ ಸಮಿತಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಅದು ಇದೆಯೇ ನೋಡಿ. ಅಲ್ಲಿ ಪಾಸಾದರೂ ಪ್ರಣಾಳಿಕೆ ಬರೆಯುವವರು ಬೇರೆಯವರೇ ಇರಬಹುದು. ಮತದ ಎಣಿಕೆ ಇರುವ ನಡಾವಳಿಯ ಪ್ರತಿ ಹಿಡಿದು ಅವರನ್ನೂ ಭೇಟಿ ಮಾಡಿ.