ದುಬಾರಿ ಕ್ಯಾಮೆರಾ ಕೊಳ್ಳುವ ಮುನ್ನ ಕೆಟ್ಟ ಚಿತ್ರಗಳ ಲೆಕ್ಕ ನೋಡಿ

ಎರಡು ಮೂರು ಲಕ್ಷ ರೂಪಾಯಿ ಸುರಿದು ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೇ ಬೇಡವೇ ಎಂದು ಹೊಸಬರು ಕೇಳಿದಾಗಲೆಲ್ಲ, ನಾನು ಮೊದಲು ಅವರ ಹಾರ್ಡ್ ಡಿಸ್ಕ್ ತರಲು ಹೇಳುತ್ತೇನೆ. ಮದುವೆ, ಉಪನಯನ, ಸಭೆ ಸಮಾರಂಭಗಳ ಛಾಯಾಗ್ರಹಣವನ್ನು ಹಲವು ವರ್ಷಗಳಿಂದ ಕಸುಬಾಗಿ ನಡೆಸಿಕೊಂಡು ಬಂದಿರುವುದರಿಂದ, ಸಾಲ ಮಾಡಿ ದೊಡ್ಡ ಕ್ಯಾಮೆರಾ ಕೊಂಡು ಕಂತು ಕಟ್ಟಲಾರದೆ ಅರ್ಧ ಬೆಲೆಗೆ ಮಾರಿದ ಹುಡುಗರನ್ನೂ, ತಕ್ಕ ಹೊತ್ತಿಗೆ ತಕ್ಕ ಉಪಕರಣ ಕೊಂಡು ಎರಡೇ ಮದುವೆ ಹಂಗಾಮುಗಳಲ್ಲಿ ಹಾಕಿದ ಹಣವನ್ನು ಹುಟ್ಟಿಸಿಕೊಂಡವರನ್ನೂ ಹತ್ತಿರದಿಂದ ಕಂಡಿದ್ದೇನೆ. ಎರಡನೆಯವರು ಕೊಳ್ಳುವ ಮೊದಲು ಕೂತು ಲೆಕ್ಕ ಹಾಕಿದ್ದರು. ಆ ಲೆಕ್ಕದ ಕ್ರಮವನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಕೆಟ್ಟ ಚಿತ್ರಗಳನ್ನು ವಿಂಗಡಿಸುವುದು

ಕಳೆದ ಒಂದು ವರ್ಷದಲ್ಲಿ ತೆಗೆದು, ಸರಿಬಾರದೆ ಬದಿಗಿಟ್ಟ ಇನ್ನೂರು ಚಿತ್ರಗಳನ್ನು ತೆರೆಯಿರಿ. ಅಂಥವನ್ನು ಅಳಿಸಿಹಾಕುವ ಅಭ್ಯಾಸವಿದ್ದರೆ ಇನ್ನೆರಡು ತಿಂಗಳು ಅಳಿಸದೆ ಉಳಿಸಿಕೊಳ್ಳಿ. ಪ್ರತಿ ಚಿತ್ರವನ್ನು ಯಾವ ಶಟರ್ ವೇಗ (ಬೆಳಕು ಒಳಬರುವ ಅವಧಿ), ಯಾವ ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿಯ ಅಳತೆ), ಎಷ್ಟು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಇಟ್ಟು, ಲೆನ್ಸ್ ಎಷ್ಟು ಮಿಲಿಮೀಟರಿನಲ್ಲಿದ್ದಾಗ (ಎಷ್ಟು ಝೂಮ್ ಆಗಿದ್ದಾಗ) ತೆಗೆದದ್ದು ಎಂಬುದನ್ನು ಕ್ಯಾಮೆರಾ ಆ ಫೈಲಿನೊಳಗೇ ಬರೆದಿಟ್ಟಿರುತ್ತದೆ. ಕಂಪ್ಯೂಟರಿನಲ್ಲಿ ಫೈಲಿನ ವಿವರಗಳನ್ನು ತೆರೆದರೆ ಅದು ಕಾಣುತ್ತದೆ. ಅದನ್ನು ನೋಡುತ್ತ, ಒಂದೊಂದು ಚಿತ್ರವೂ ಯಾವ ಕಾರಣಕ್ಕೆ ಕೆಟ್ಟಿತು ಎಂಬುದನ್ನು ಹಾಳೆಯ ಮೇಲೆ ಗುರುತು ಮಾಡುತ್ತ ಹೋಗಿ. ಬೆಳಕು ಸಾಲದೆ ಅಲುಗಿದವು, ಫೋಕಸ್ ತಪ್ಪಿದವು, ಹಕ್ಕಿಯೋ ಆಟಗಾರನೋ ದೂರವಿದ್ದು ಚಿಕ್ಕದಾಗಿ ಬಂದವು, ಕತ್ತಲಲ್ಲಿ ತರಿತರಿಯಾದವು, ಬೆಳಕಿನ ದಿಕ್ಕು ಸರಿಯಿಲ್ಲದವು, ಚೌಕಟ್ಟೇ ಹೊಂದದವು ಎಂದು ಗುಂಪುಗಳು ತಾವಾಗಿಯೇ ಮೂಡುತ್ತವೆ. ಇವುಗಳಲ್ಲಿ ಕೊನೆಯ ಎರಡನ್ನು ಎಷ್ಟೇ ಬೆಲೆಯ ಕ್ಯಾಮೆರಾವೂ ತಿದ್ದಲಾರದು. ಇನ್ನೂರರಲ್ಲಿ ನೂರೈವತ್ತು ಚಿತ್ರಗಳು ಆ ಎರಡು ಗುಂಪಿಗೇ ಸೇರಿದರೆ, ಕೊಳ್ಳುವ ಯೋಚನೆಯನ್ನು ಮುಂದೂಡಿ ಇರುವ ಕ್ಯಾಮೆರಾದಲ್ಲೇ ಇನ್ನೊಂದು ವರ್ಷ ಕೈ ಪಳಗಿಸಿಕೊಳ್ಳುವುದು ಲೇಸು.

ನನ್ನದೇ ಒಂದು ಚಿತ್ರದ ಕಥೆ ಹೇಳುತ್ತೇನೆ. ಮಲೆನಾಡಿನ ಮನೆಯಂಗಳದ ಚಪ್ಪರದಲ್ಲಿ ಬೆಳಗಿನ ಜಾವದ ಮುಹೂರ್ತವಿತ್ತು. ಅಂತರಪಟ ಸರಿದು ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುವ ಗಳಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಕ್ಯಾಮೆರಾದ ಜೊತೆಗೇ ಬಂದಿದ್ದ ಕಿಟ್ ಲೆನ್ಸನ್ನು ಝೂಮ್ ಮಾಡಿದ್ದರಿಂದ ಅಪರ್ಚರ್ ಎಫ್ 5.6ಕ್ಕೆ ಬಂದು ನಿಂತಿತ್ತು; ಎಫ್ ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಕಿರಿದಾಗಿ ಬೆಳಕು ಕಡಿಮೆಯಾಗುತ್ತದೆ. ಶಟರ್ ವೇಗ ಸೆಕೆಂಡಿನ 30ರಲ್ಲಿ ಒಂದು ಭಾಗದಷ್ಟಿತ್ತು. ಮುಖಗಳು ತಕ್ಕಮಟ್ಟಿಗೆ ಬಂದಿದ್ದವು, ಆದರೆ ಮದುಮಗಳ ಕೈ ಕಲಸಿಹೋಗಿತ್ತು, ಎರಚಿದ ಅಕ್ಷತೆ ಕಾಳುಗಳು ಉದ್ದುದ್ದ ಬಿಳಿ ಗೆರೆಗಳಾಗಿದ್ದವು. ತಪ್ಪು ಕ್ಯಾಮೆರಾದ್ದೆಂದು ತಿಳಿದು ನಾನು ಫುಲ್ ಫ್ರೇಮ್ ಕ್ಯಾಮೆರಾದ, ಅಂದರೆ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾದ, ಬೆಲೆ ವಿಚಾರಿಸಲು ಹೊರಟಿದ್ದೆ.

ಎರಡನೆಯ ಹೆಜ್ಜೆ: ಲೆನ್ಸಿನಿಂದ ತೀರುವ ಕೊರತೆಯೇ ಎಂದು ನೋಡುವುದು

ಆಗ ನನ್ನ ಬಳಿಯಿದ್ದದ್ದು ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರಿನ ಕ್ಯಾಮೆರಾ. ಅಂಥ ಸೆನ್ಸರಿನ ಅಳತೆ ಸುಮಾರು 23.5 × 15.6 ಮಿಲಿಮೀಟರ್, ಫುಲ್ ಫ್ರೇಮಿನದು 36 × 24 ಮಿಲಿಮೀಟರ್. ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚಾಗುವುದರಿಂದ, ಅದೇ ಎಫ್ 5.6ರಲ್ಲಿ ಫುಲ್ ಫ್ರೇಮ್ ಹಿಡಿಯುವ ಒಟ್ಟು ಬೆಳಕೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಆದರೆ ಹಳೆಯ ಕ್ಯಾಮೆರಾಕ್ಕೇ ಎಫ್ 1.8ರ 50 ಮಿಲಿಮೀಟರ್ ಲೆನ್ಸ್ ಹಾಕಿದರೆ ಒಳಬರುವ ಬೆಳಕು ಒಂಬತ್ತೂವರೆ ಪಟ್ಟಿಗೂ ಹೆಚ್ಚಾಗುತ್ತದೆ. 30ರಲ್ಲಿ ಒಂದು ಭಾಗವಿದ್ದ ಶಟರ್ ವೇಗವನ್ನು ಧಾರಾಳವಾಗಿ 250ರಲ್ಲಿ ಒಂದು ಭಾಗಕ್ಕೆ ಏರಿಸಬಹುದು. ದೊಡ್ಡ ಕ್ಯಾಮೆರಾದ ಬೆಲೆಯ ಮುಂದೆ ಈ ಲೆನ್ಸಿನದು ಸಣ್ಣ ಮೊತ್ತ. ಮುಂದಿನ ಮುಹೂರ್ತದ ಚಿತ್ರದಲ್ಲಿ ಅಕ್ಷತೆಯ ಒಂದೊಂದು ಕಾಳೂ ಗಾಳಿಯಲ್ಲಿ ನಿಂತಂತೆ ಬಂದಿತ್ತು. ಅಲುಗುವುದೂ ತರಿತರಿಯಾಗುವುದೂ ನಿಮ್ಮ ಮುಖ್ಯ ಕೊರತೆಯಾಗಿದ್ದರೆ ಮೊದಲು ಹೆಚ್ಚು ಬೆಳಕು ಹಿಡಿಯುವ ಲೆನ್ಸ್ ಕೊಳ್ಳಿ. ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ, ಅಂದರೆ ಬಾಡಿಯ, ಬೆಲೆ ಹೊಸ ಮಾದರಿ ಬಂದ ಕೂಡಲೇ ಇಳಿಯುತ್ತದೆ, ಒಳ್ಳೆಯ ಲೆನ್ಸಿನ ಬೆಲೆ ಅಷ್ಟು ಬೇಗ ಕುಸಿಯುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಿ.

ಮೂರನೆಯ ಹೆಜ್ಜೆ: ಹೆಚ್ಚಿನ ಬೆಲೆ ಯಾವುದಕ್ಕೆ ಎಂದು ತಿಳಿಯುವುದು

ಹೆಚ್ಚು ಬೆಲೆಯೆಂದರೆ ಹೆಚ್ಚು ಮೆಗಾಪಿಕ್ಸೆಲ್ (ಒಂದು ಮೆಗಾಪಿಕ್ಸೆಲ್ ಎಂದರೆ ಚಿತ್ರದ ಹತ್ತು ಲಕ್ಷ ಚುಕ್ಕಿಗಳು) ಎಂಬ ನಂಬಿಕೆ ಇನ್ನೂ ಬಲವಾಗಿದೆ. 2023ರಲ್ಲಿ ಹೊಸಬರಿಗಾಗಿ ಬಂದ ಕ್ಯಾನನ್ ಆರ್50 ಕ್ಯಾಮೆರಾದಲ್ಲಿರುವುದು 24 ಮೆಗಾಪಿಕ್ಸೆಲ್. 2024ರಲ್ಲಿ ಅದೇ ಕಂಪನಿ ಕ್ರೀಡೆ ಮತ್ತು ಸುದ್ದಿ ಛಾಯಾಗ್ರಾಹಕರಿಗಾಗಿ ತಂದ, ಅದಕ್ಕಿಂತ ಹಲವು ಪಟ್ಟು ಬೆಲೆಯ ಆರ್1 ಕ್ಯಾಮೆರಾದಲ್ಲಿರುವುದೂ 24 ಮೆಗಾಪಿಕ್ಸೆಲ್ಲೇ. ಇಷ್ಟು ಪಿಕ್ಸೆಲ್‌ಗಳಿಂದ ಇಂಚಿಗೆ 300 ಚುಕ್ಕಿಗಳ ಲೆಕ್ಕದಲ್ಲಿ 20 × 13 ಇಂಚಿನ ಮುದ್ರಣ ತೆಗೆಯಬಹುದಾದ್ದರಿಂದ, 12 × 18 ಇಂಚಿನ ಆಲ್ಬಂ ಪುಟಕ್ಕೆ ಅದು ಸಾಕು. ಚಿತ್ರಗಳು ಫೋನಿನ ಪರದೆಯಲ್ಲಿಯೇ ಮುಗಿಯುವುದಾದರೆ ಬೇಕಾದ್ದು ಇನ್ನೂ ಕಡಿಮೆ.

ಹಾಗಾದರೆ ಉಳಿದ ಹಣ ಹೋಗುವುದು ಎಲ್ಲಿಗೆ? ಆರ್1ರಲ್ಲಿ ಫುಲ್ ಫ್ರೇಮ್ ಸೆನ್ಸರ್ ಇದೆ, ಸೆಕೆಂಡಿಗೆ 40 ಚಿತ್ರಗಳವರೆಗೆ ತೆಗೆಯುವ ವೇಗವಿದೆ, ಮಳೆ ಧೂಳುಗಳನ್ನು ತಡೆಯುವ ಬಂದೋಬಸ್ತಿದೆ, ಎರಡು ಮೆಮೊರಿ ಕಾರ್ಡುಗಳಿಗೆ ಜಾಗವಿದೆ. ಆರ್50ರಲ್ಲಿ ಒಂದೇ ಕಾರ್ಡು. ಮದುವೆ ಮಾಡುವವರಿಗೆ ಈ ಎರಡನೆಯ ಕಾರ್ಡಿನ ಬೆಲೆ ಗೊತ್ತು: ಒಂದು ಕಾರ್ಡ್ ಕೈಕೊಟ್ಟರೂ ಇನ್ನೊಂದರಲ್ಲಿ ಎಲ್ಲವೂ ಉಳಿದಿರುತ್ತದೆ, ತಾಳಿ ಕಟ್ಟುವುದನ್ನು ಇನ್ನೊಮ್ಮೆ ಕಟ್ಟಿ ಎಂದು ಯಾರನ್ನೂ ಕೇಳುವಂತಿಲ್ಲ. ಹಣ ಪಡೆದು ಸಮಾರಂಭ ಒಪ್ಪಿಕೊಳ್ಳುವವರು ಎರಡು ಕಾರ್ಡಿನ ಕ್ಯಾಮೆರಾಕ್ಕೆ ಹೆಚ್ಚು ಹಣ ಕೊಡುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಅದು ಮಧ್ಯಮ ಬೆಲೆಯ ಹಲವು ಮಾದರಿಗಳಲ್ಲಿಯೂ ಸಿಗುತ್ತದೆ. ಹಾರುವ ಹಕ್ಕಿಯನ್ನೋ ಓಡುವ ಆಟಗಾರನನ್ನೋ ಹಿಂಬಾಲಿಸುವವರ ಕೆಟ್ಟ ಚಿತ್ರಗಳಲ್ಲಿ ಫೋಕಸ್ ತಪ್ಪಿದವೇ ಹೆಚ್ಚಿದ್ದರೆ, ಕಣ್ಣನ್ನು ಗುರುತಿಸಿ ಬೆನ್ನಟ್ಟುವ ಹೊಸ ಆಟೋಫೋಕಸ್ ನಿಜವಾಗಿ ನೆರವಾಗುತ್ತದೆ. ಇನ್ನು 2022ರಲ್ಲಿ ಬಂದ ಲೈಕಾ ಎಂ11ರಂಥ ಕ್ಯಾಮೆರಾಗಳ ಮಾತು ಬೇರೆ. ಹಲವು ಲಕ್ಷ ಬೆಲೆಯ ಅದರಲ್ಲಿ 60 ಮೆಗಾಪಿಕ್ಸೆಲ್ ಸೆನ್ಸರ್ ಇದ್ದರೂ ಆಟೋಫೋಕಸ್ ಇಲ್ಲ, ವಿಡಿಯೊ ಇಲ್ಲ. ಅದರ ಮೇಲಿನ ಪ್ರೀತಿಗಾಗಿ ಕೊಳ್ಳುವವರನ್ನು ನಾನು ಗೌರವಿಸುತ್ತೇನೆ, ದುಡಿಮೆಯ ಲೆಕ್ಕಕ್ಕೆ ಮಾತ್ರ ಅದನ್ನು ತರಬಾರದು.

ನಾಲ್ಕನೆಯ ಹೆಜ್ಜೆ: ದಿನಕ್ಕೆ ಬೀಳುವ ಖರ್ಚು

ಉದಾಹರಣೆಗೆ, ಕ್ಯಾಮೆರಾಕ್ಕೆ ಎರಡು ಲಕ್ಷ, ಲೆನ್ಸಿಗೆ ಒಂದು ಲಕ್ಷ, ಕಾರ್ಡು, ಬ್ಯಾಟರಿ, ಬ್ಯಾಗು, ವಿಮೆ ಎಲ್ಲ ಸೇರಿ ನಲವತ್ತು ಸಾವಿರ ಎಂದಿಟ್ಟುಕೊಳ್ಳೋಣ. ನಾಲ್ಕು ವರ್ಷ ಬಳಸಿ ಒಂದು ಲಕ್ಷ ನಲವತ್ತು ಸಾವಿರಕ್ಕೆ ಮಾರಿದರೆ ನಿಜವಾದ ಖರ್ಚು ಎರಡು ಲಕ್ಷ. ವರ್ಷಕ್ಕೆ ಇಪ್ಪತ್ತೈದು ದಿನ ಕೆಲಸವಿದ್ದರೆ ದಿನಕ್ಕೆ ಎರಡು ಸಾವಿರ ಬೀಳುತ್ತದೆ; ಹತ್ತೇ ದಿನವಿದ್ದರೆ ಐದು ಸಾವಿರ. ಈ ಕ್ಯಾಮೆರಾ ಇದೆಯೆಂಬ ಕಾರಣಕ್ಕೆ ಗಿರಾಕಿ ದಿನಕ್ಕೆ ಅಷ್ಟು ಹೆಚ್ಚು ಕೊಡುತ್ತಾನೆಯೇ, ಅಥವಾ ಅದರಿಂದ ಅಷ್ಟು ಹೆಚ್ಚು ಕೆಲಸ ಬರುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೊದವರು, ಬಿಲ್ಲಿನಲ್ಲಿ ಕಟ್ಟಿದ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಬಗ್ಗೆ ಲೆಕ್ಕಪರಿಶೋಧಕರನ್ನು ಮೊದಲೇ ವಿಚಾರಿಸಬೇಕು. ಹವ್ಯಾಸಕ್ಕಾಗಿ ಕೊಳ್ಳುವವರು ತಮ್ಮ ಸಂತೋಷಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಲಿ, ಕಂತಿನ ಸಾಲ ಮಾತ್ರ ಬೇಡ.

ಐದನೆಯ ಹೆಜ್ಜೆ: ಬಾಡಿಗೆಗೆ ತಂದು ನೋಡುವುದು, ಹಳೆಯದಾದರೆ ಪರೀಕ್ಷಿಸುವುದು

ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಕ್ಯಾಮೆರಾ, ಲೆನ್ಸುಗಳು ಬಾಡಿಗೆಗೆ ಸಿಗುತ್ತವೆ. ನೀವು ಕೊಳ್ಳಬೇಕೆಂದಿರುವುದನ್ನೇ ಎರಡು ದಿನಕ್ಕೆ ತಂದು, ನಿಮ್ಮ ಹಳೆಯ ಚಿತ್ರಗಳು ಕೆಟ್ಟಂಥ ಜಾಗಕ್ಕೇ, ಅಂಥ ಬೆಳಕಿಗೇ ಒಯ್ಯಿರಿ. ಮರಳಿ ಬಂದು ಮೊದಲಿನಂತೆಯೇ ಕೆಟ್ಟವನ್ನು ವಿಂಗಡಿಸಿ, ಹಳೆಯ ಹಾಳೆಯ ಪಕ್ಕದಲ್ಲಿಟ್ಟು ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಶಟರ್ ಎಷ್ಟು ಬಾರಿ ಓಡಿದೆ ಎಂದು ಕೇಳಿ ಪರೀಕ್ಷಿಸಿ. ನಿಕಾನ್ ಡಿ850ರ ಶಟರನ್ನು ಕಂಪನಿಯೇ ಎರಡು ಲಕ್ಷ ಬಾರಿಗೆ ಪರೀಕ್ಷಿಸಿದೆ ಎಂಬುದು ಒಂದು ಅಂದಾಜು ಕೊಡುತ್ತದೆ. ಎಫ್ 16ರಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕಿಗಳಾಗಿ ತೋರುತ್ತದೆ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರು ಕ್ಯಾಮೆರಾದ ತಳದಲ್ಲಿರುವುದಕ್ಕೆ ತಾಳೆಯಾಗಬೇಕು. ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಗಾಜಿನೊಳಗೆ ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡರೆ ಅದು ಫಂಗಸ್, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡವೆನ್ನಿ.

ಕರಾವಳಿ ಮತ್ತು ಮಲೆನಾಡಿನಲ್ಲಿ ಕೊಂಡ ಹೊಸ ಲೆನ್ಸಿಗೂ ಈ ಗತಿ ಬರಬಹುದು. ಒಂದು ಮಳೆಗಾಲ ಪೂರ್ತಿ ಚರ್ಮದ ಬ್ಯಾಗಿನಲ್ಲೇ ಬಿಟ್ಟಿದ್ದ ನನ್ನ ಲೆನ್ಸ್ ದಸರೆಯ ಹೊತ್ತಿಗೆ ಮಂಕಾಗಿ, ಬಿಚ್ಚಿ ತೊಳೆಸಿದರೂ ಮೊದಲಿನಂತಾಗಲಿಲ್ಲ. ತೇವಾಂಶವನ್ನು ಶೇ 40ರಿಂದ 50ರ ನಡುವೆ ಹಿಡಿದಿಡುವ ಡ್ರೈ ಕ್ಯಾಬಿನೆಟ್ಟಿನ ಖರ್ಚನ್ನು ಕ್ಯಾಮೆರಾದ ಲೆಕ್ಕದಲ್ಲೇ ಸೇರಿಸಿಕೊಳ್ಳಿ. ಅದಾಗದಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಅದರ ನೀಲಿ ಕಾಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಸಣ್ಣ ಉರಿಯಲ್ಲಿ ಬಿಸಿಮಾಡಿ, ಮತ್ತೆ ನೀಲಿಯಾದ ಮೇಲೆ ಆರಿಸಿ ಡಬ್ಬಿಗೆ ಸೇರಿಸಿ.