ಸೂರಿನಲ್ಲಿ ಜೇನು ಕಟ್ಟಿದಾಗ ಗಮನಿಸಬೇಕಾದದ್ದು

ಮನೆಯ ಸೂರಿನಡಿ ಜೇನುನೊಣಗಳು ಗುಂಪುಗೂಡಿದ್ದನ್ನು ಕಂಡ ಕೂಡಲೇ ಕೀಟನಾಶಕ ಸಿಂಪಡಿಸಲು ದಯವಿಟ್ಟು ಮುಂದಾಗಬೇಡಿ. ಎರಿ (ಮೇಣದಿಂದ ಕಟ್ಟಿದ ಜೇನುಹುಟ್ಟು) ಇಲ್ಲದೆ ನೊಣಗಳಷ್ಟೇ ಒಂದಕ್ಕೊಂದು ಅಂಟಿಕೊಂಡು ಗೊಂಚಲಿನಂತೆ ಜೋತುಬಿದ್ದಿದ್ದರೆ ಅದು ಹೊಸ ನೆಲೆ ಹುಡುಕುತ್ತಿರುವ ಹಿಂಡು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಾನಾಗಿಯೇ ಹಾರಿಹೋಗುತ್ತದೆ. ಆದರೆ ಒಂದೇ ಸಂದಿಯಿಂದ ನೊಣಗಳು ದಿನವಿಡೀ ಹೋಗಿಬರುತ್ತಿದ್ದು, ಕೆಲವು ಹಿಂಗಾಲಿನಲ್ಲಿ ಹಳದಿ ಪರಾಗದ ಉಂಡೆ ಹೊತ್ತು ಒಳಸೇರುತ್ತಿದ್ದರೆ, ಒಳಗೆ ಎರಿ ಕಟ್ಟಿ ಮರಿಗಳನ್ನು ಸಾಕುತ್ತಿವೆಯೆಂದೇ ತಿಳಿಯಬೇಕು.

ಇಂಥ ಸಂದಿಯನ್ನು ನೊಣಗಳಿರುವಾಗಲೇ ಮುಚ್ಚುವುದು ನನ್ನ ದೃಷ್ಟಿಯಲ್ಲಿ ಅತಿ ದೊಡ್ಡ ತಪ್ಪು, ಏಕೆಂದರೆ ಅವು ಬೇರೆ ದಾರಿ ಹುಡುಕುತ್ತಾ ಕೋಣೆಯೊಳಗೇ ಇಳಿಯಬಹುದು. ವಿಷ ಹಾಕಿ ಕೊಂದರೂ ತೊಂದರೆ ತಪ್ಪದು: ಗೂಡನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡುತ್ತಿದ್ದ ನೊಣಗಳು ಇಲ್ಲವಾದ ಮೇಲೆ ಮೇಣ ಬಿಸಿಲಿನ ತಾಪಕ್ಕೆ ಮೆತ್ತಗಾಗಿ, ಜೇನುತುಪ್ಪ ಚಾವಣಿಯಿಂದ ತೊಟ್ಟಿಕ್ಕಿ, ಇರುವೆಗಳ ಸಾಲು ಹತ್ತುತ್ತದೆ. ಅನುಭವಿ ಜೇನು ಸಾಕಣೆದಾರರನ್ನು ಕರೆಸಿ, ಎರಿಯ ಸಮೇತ ಇಡೀ ಕುಟುಂಬವನ್ನು ಪೆಟ್ಟಿಗೆಗೆ ವರ್ಗಾಯಿಸಿ, ಜಾಗವನ್ನು ಶುಚಿಗೊಳಿಸಿದ ನಂತರವೇ ಸಂದಿ ಮುಚ್ಚಿಸಿ. ಹಳೆಯ ಮೇಣದ ವಾಸನೆಗೆ ಮತ್ತೊಂದು ಹಿಂಡು ಬರುವುದುಂಟು.

ಕುಟುಕಿದರೆ ಮುಳ್ಳನ್ನು ಉಗುರಿನಿಂದ ಕೆರೆದು ತಕ್ಷಣ ತೆಗೆಯಿರಿ. ಉಸಿರಾಟ ಕಷ್ಟವಾದರೆ, ಮುಖ ಅಥವಾ ನಾಲಿಗೆ ಊದಿಕೊಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.